ಕಡಲೆಕಾಯಿ ಎಂಬ ಹೊಸ ಪ್ರಭೇದ

ಜೀವವಿಕಾಸದ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದೇ: ಒಂದು ಜೀವಿಯಿಂದ ಇನ್ನೊಂದು ಜೀವಿ ಹುಟ್ಟಿದ್ದನ್ನು ಕಂಡವರು ಯಾರು? ಕೇಳುವವರ ಮನಸ್ಸಿನಲ್ಲಿ ಮಂಗ, ಮನುಷ್ಯ, ಕೋಟಿಗಟ್ಟಲೆ ವರ್ಷಗಳು, ಕಲ್ಲಾದ ಮೂಳೆಗಳು ಇರುತ್ತವೆ. ಹಿಂದೂಪುರ, ಕಲ್ಯಾಣದುರ್ಗದ ಸೀಮೆಯವರು ಉತ್ತರ ಹುಡುಕಿಕೊಂಡು ಅಷ್ಟು ದೂರ ಹೋಗಬೇಕಾಗಿಲ್ಲ. ಅವರು ಕೆಂಪು ಮಣ್ಣಿಗೆ ಬಿತ್ತುವ ಕಡಲೆಕಾಯಿ ಸುಮಾರು ಹತ್ತು ಸಾವಿರ ವರ್ಷದಾಚೆಗೆ ಈ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಅದು ಹೊಸದಾಗಿ ಹುಟ್ಟಿದ ಪ್ರಭೇದ. ಹುಟ್ಟಿದ್ದು ಹೇಗೆಂಬುದೂ ಇವತ್ತು ಸಾಕಷ್ಟು ಸ್ಪಷ್ಟವಾಗಿದೆ.

ಕಡಲೆಕಾಯಿಯ ಕುಲದವು ದಕ್ಷಿಣ ಅಮೆರಿಕದಲ್ಲಿ ಸುಮಾರು 80 ಪ್ರಭೇದಗಳಿವೆ. ಒಂದೇ ಖಂಡದಲ್ಲಿ ಇಷ್ಟೊಂದು ಏಕೆ ಎಂಬುದಕ್ಕೆ ಕಾರಣ ಆ ಗಿಡದ ಸ್ವಭಾವದಲ್ಲೇ ಇದೆ. ಹೂವು ಮೇಲೆ ಅರಳುತ್ತದೆ, ಕಾಯಿ ಮಣ್ಣೊಳಗೆ ಕಟ್ಟುತ್ತದೆ. ಆ ಬೀಜವನ್ನು ಗಾಳಿ ಹಾರಿಸಿಕೊಂಡು ಹೋಗಲಾರದು, ಹಕ್ಕಿ ನುಂಗಿ ಬೇರೆ ಕಡೆ ಬೀಳಿಸಲಾರದು. ತಾಯಿಗಿಡದ ಬುಡದಲ್ಲೇ ಮುಂದಿನ ಪೀಳಿಗೆ ಮೊಳೆಯುತ್ತದೆ. ಯಾವಾಗಲೋ ಒಮ್ಮೆ ಪ್ರವಾಹ ಬಂದು ಮಣ್ಣಿನ ಸಮೇತ ಕೊಚ್ಚಿಕೊಂಡು ಹೋಗಿ ಬೇರೊಂದು ಕಣಿವೆಗೆ ಸೇರಿಸಿದರೆ ಅಲ್ಲಿ ಹೊಸ ನೆಲೆ. ಹಾಗೆ ಬೇರೆಯಾದ ಗಿಡಗಳಿಗೆ ಹಳೆಯ ನೆಂಟರೊಡನೆ ಬೆರೆಯುವ ದಾರಿ ಮುಚ್ಚಿಹೋಗುತ್ತದೆ. ಪೀಳಿಗೆಯಿಂದ ಪೀಳಿಗೆಗೆ ಅನುವಂಶಿಕ ಗುಣಗಳಲ್ಲಿ ಸಣ್ಣಪುಟ್ಟ ಬದಲಾವಣೆಗಳು ಆಗುತ್ತಲೇ ಇರುತ್ತವೆ. ಆಯಾ ಕಣಿವೆಯ ಮಣ್ಣು, ಮಳೆ, ರೋಗಗಳಿಗೆ ಒಗ್ಗಿದವು ಹೆಚ್ಚು ಬೀಜ ಬಿಡುತ್ತವೆ. ಬಹುಕಾಲ ಕಳೆದ ಮೇಲೆ ಎರಡೂ ಕಣಿವೆಯ ಗಿಡಗಳನ್ನು ಒಂದೇ ಕಡೆ ನೆಟ್ಟರೂ ಅವು ಕೂಡಿ ಫಲವಂತ ಸಂತಾನ ಕೊಡಲಾರವು. ಪ್ರಭೇದ ಬೇರೆಯಾಯಿತು ಎಂದು ವಿಜ್ಞಾನಿಗಳು ಹೇಳುವುದು ಹೆಚ್ಚಾಗಿ ಇಂಥ ಸ್ಥಿತಿಗೆ.

ಪ್ರತ್ಯೇಕತೆಗೆ ಸಮುದ್ರವೋ ಹಿಮಾಲಯವೋ ಅಡ್ಡ ಬರಬೇಕೆಂದಿಲ್ಲ. ಬಂಡೆಗಲ್ಲಿನ ಮೇಲಷ್ಟೇ ಬದುಕಬಲ್ಲ ಹಲ್ಲಿಗೆ ಎರಡು ಗುಡ್ಡಗಳ ನಡುವಿನ ಬಯಲೇ ಸಮುದ್ರ. ಮದನಪಲ್ಲಿ ಬಳಿಯ ರಿಷಿವ್ಯಾಲಿಯ ಬಂಡೆಗಳಲ್ಲಿ ಕಂಡ ಹಲ್ಲಿಯನ್ನು ಹೊಸ ಪ್ರಭೇದವೆಂದು ಹೆಸರಿಟ್ಟು ದಾಖಲಿಸಿದ್ದು 2020ರಲ್ಲಿ. ಹಿಂದೂಪುರದಿಂದ ಪೆನುಕೊಂಡದವರೆಗೆ ಹಬ್ಬಿರುವ ಗುಡ್ಡಗಳೂ ಅದೇ ಬಗೆಯ ಕಲ್ಲಿನವು.

ಇನ್ನು ನಮ್ಮ ಕಡಲೆಕಾಯಿ ಹುಟ್ಟಿದ ದಾರಿ ಬೇರೆ, ಬಹಳ ಚಿಕ್ಕದು. ಅರಾಚಿಸ್ ಡ್ಯುರಾನೆನ್ಸಿಸ್, ಅರಾಚಿಸ್ ಇಪಾಯೆನ್ಸಿಸ್ ಎಂಬ ಎರಡು ಕಾಡು ಪ್ರಭೇದಗಳ ಮೂಲ ನೆಲೆಗಳು ಒಂದಕ್ಕೊಂದು ದೂರ. ಎರಡನೆಯದು ಬೊಲಿವಿಯಾದ ದಕ್ಷಿಣದ ಒಂದೇ ಒಂದು ಜಾಗದಲ್ಲಿ ಸಿಕ್ಕಿರುವ ಗಿಡ. ಅದನ್ನು ಬಹುಶಃ ಮೊದಲನೆಯದರ ಸೀಮೆಗೆ ಹೊತ್ತು ತಂದವರು ಆಗಿನ ಜನರೇ. ಹಾಗೆ ಹತ್ತಿರ ಬಂದ ಎರಡು ಜಾತಿಯ ಗಿಡಗಳ ನಡುವೆ ಪರಾಗ ಸೇರಿತು. ಎರಡಕ್ಕೂ ಇದ್ದದ್ದು 20 ವರ್ಣತಂತುಗಳು. ಇಂಥ ಮಿಶ್ರ ಸಂತಾನ ಸಾಮಾನ್ಯವಾಗಿ ಬಂಜೆ, ಏಕೆಂದರೆ ತಂದೆಯ ವರ್ಣತಂತುಗಳಿಗೆ ತಾಯಿಯ ಕಡೆ ಜೋಡಿ ಸಿಗುವುದಿಲ್ಲ. ಆದರೆ ಆ ಗಿಡದಲ್ಲಿ ವರ್ಣತಂತುಗಳು ಇಮ್ಮಡಿಯಾಗಿ 40 ಆದವು, ಪ್ರತಿಯೊಂದಕ್ಕೂ ಜೋಡಿ ಸಿಕ್ಕಿತು, ಬೀಜ ಕಟ್ಟಿತು. ಇಮ್ಮಡಿಯಾದ ಗಿಡ ತನ್ನ ತಂದೆತಾಯಿಯರ ಪ್ರಭೇದದೊಡನೆ ಮತ್ತೆ ಕೂಡಿದರೆ ಹುಟ್ಟುವ ಸಂತಾನಕ್ಕೆ 30 ವರ್ಣತಂತುಗಳು, ಅದು ಬಂಜೆ. ಅಂದರೆ ಒಂದೆರಡು ಪೀಳಿಗೆಯಲ್ಲೇ ಹೊಸ ಪ್ರಭೇದ ಪ್ರತ್ಯೇಕವಾಯಿತು. 2016ರಲ್ಲಿ ಎರಡೂ ಕಾಡು ಗಿಡಗಳ ಜೀನೋಮ್ ಓದಿ ಪ್ರಕಟಿಸಿದಾಗ, ಬೊಲಿವಿಯಾದ ಗಿಡದ ವರ್ಣತಂತುಗಳಿಗೂ ನಾವು ತಿನ್ನುವ ಕಡಲೆಕಾಯಿಯಲ್ಲಿರುವ ಆ ಅರ್ಧಕ್ಕೂ ನಡುವೆ ಹೆಚ್ಚುಕಮ್ಮಿ ವ್ಯತ್ಯಾಸವೇ ಇಲ್ಲವೆಂದು ತಿಳಿಯಿತು. ವಂಶಾವಳಿಗೆ ಇದಕ್ಕಿಂತ ಗಟ್ಟಿ ದಾಖಲೆ ಬೇಕೆ?

ಪ್ರಭೇದ ಹುಟ್ಟುವುದು ಒಂದು ವಿಷಯ. ಹುಟ್ಟಿದ್ದು ಪರಿಸರಕ್ಕೆ ತಕ್ಕಂತೆ ಮಾಗುವುದು ಇನ್ನೊಂದು. ಹಿಂದೂಪುರ, ಕಲ್ಯಾಣದುರ್ಗ ಸೇರಿದ್ದ ಹಳೆಯ ಅನಂತಪುರ ಜಿಲ್ಲೆಯಲ್ಲಿ ವರ್ಷದ ಸರಾಸರಿ ಮಳೆ 550 ಮಿಲಿಮೀಟರಿನ ಆಸುಪಾಸು, ಅದೂ ಕಾಲಕ್ಕೆ ಸರಿಯಾಗಿ ಬರುವ ಭರವಸೆಯಿಲ್ಲ. ಇಲ್ಲಿನ ಕೆಂಪು ಕಂಬಳಿ ಹುಳು ತಿಂಗಳುಗಟ್ಟಲೆ ಮಣ್ಣೊಳಗೆ ಕೋಶವಾಗಿ ಮಲಗಿದ್ದು, ಮುಂಗಾರಿನ ಹದಮಳೆ ಬಿದ್ದ ಕೂಡಲೇ ಪತಂಗವಾಗಿ ಏಳುತ್ತದೆ. ಹೊಲದಲ್ಲಿ ಎಳೆ ಪೈರು ಕಾಣುವ ಹೊತ್ತಿಗೆ ಮರಿಹುಳುಗಳು ಮೇಯಲು ಸಿದ್ಧ. ಹುಳುವಿಗೆ ಈ ಲೆಕ್ಕ ಕಲಿಸಿದವರು ಯಾರೂ ಇಲ್ಲ. ಬೇಸಿಗೆಯಲ್ಲೇ ಎದ್ದವುಗಳ ಮರಿಗೆ ಮೇವು ಸಿಗಲಿಲ್ಲ, ಅವು ಅಲ್ಲಿಗೇ ಮುಗಿದವು. ಮಳೆ ಕಾದು ಎದ್ದವುಗಳ ಸಂತಾನ ಉಳಿಯಿತು, ಅವುಗಳ ಗುಣವೂ ಉಳಿಯಿತು. ಒಂದೇ ಜಾತಿಯ ಜೀವಿಗಳ ನಡುವೆ ವ್ಯತ್ಯಾಸವಿರಬೇಕು, ಅದು ಮಕ್ಕಳಿಗೆ ಇಳಿಯುವಂತಿರಬೇಕು, ಬದುಕಬಲ್ಲದ್ದಕ್ಕಿಂತ ಹೆಚ್ಚು ಮಕ್ಕಳು ಹುಟ್ಟಬೇಕು. ಈ ಮೂರು ಸೇರಿದ ಕಡೆ ನಿಸರ್ಗದ ಆಯ್ಕೆ ತಾನಾಗಿ ನಡೆಯುತ್ತದೆ. 1858ರಲ್ಲಿ ವಾಲೇಸ್ ಜೊತೆ, 1859ರಲ್ಲಿ ತನ್ನ ಪುಸ್ತಕದಲ್ಲಿ ಡಾರ್ವಿನ್ ಹೇಳಿದ್ದರ ತಿರುಳು ಇಷ್ಟೇ. ಆ ಪುಸ್ತಕದ ಮೊದಲ ಅಧ್ಯಾಯವೇ ಸಾಕುಪ್ರಾಣಿಗಳು, ಕೃಷಿಯ ಗಿಡಗಳು, ಪಾರಿವಾಳ ಸಾಕುವವರ ಬಗ್ಗೆ. ರೈತನಿಗೆ ಗೊತ್ತಿದ್ದ ಸಂಗತಿಯಿಂದಲೇ ಅವನು ವಾದ ಕಟ್ಟಿದ.

ಆದರೂ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಆಳವಾಗಿ ಕೂತಿದೆ. ಔಷಧಿ ಹೊಡೆದೂ ಹೊಡೆದೂ ಹುಳು ಅದಕ್ಕೆ ಒಗ್ಗಿಕೊಂಡಿತು ಎಂದು ರೈತರೂ ಹೇಳುತ್ತಾರೆ, ಔಷಧಿ ಅಂಗಡಿಯವರೂ ಹೇಳುತ್ತಾರೆ. ಯಾವ ಹುಳುವೂ ತನ್ನ ಆಯುಷ್ಯದಲ್ಲಿ ಹೀಗೆ ಒಗ್ಗಿಕೊಂಡು ನಿರೋಧ ಗಳಿಸುವುದಿಲ್ಲ. ಲಕ್ಷಾಂತರ ಹುಳುಗಳಲ್ಲಿ ಕೆಲವು ಮೊದಲಿನಿಂದಲೇ ವಿಷ ತಾಳಿಕೊಳ್ಳುವ ಗುಣ ಹೊತ್ತು ಹುಟ್ಟಿರುತ್ತವೆ. ಔಷಧಿ ಉಳಿದವನ್ನೆಲ್ಲ ಕೊಂದು ಈ ಕೆಲವಕ್ಕೆ ಹೊಲವನ್ನು ಬಿಟ್ಟುಕೊಡುತ್ತದೆ. ಈ ವ್ಯತ್ಯಾಸ ಪಂಡಿತರ ಚರ್ಚೆಗೆ ಮಾತ್ರ ಸೇರಿದ್ದಲ್ಲ. ಹುಳು ಒಗ್ಗಿಕೊಂಡಿದೆ ಎಂದು ನಂಬಿದವನು ಡೋಸ್ ಹೆಚ್ಚಿಸುತ್ತಾನೆ. ತಾಳಿಕೊಂಡವನ್ನು ತಾನೇ ಆರಿಸುತ್ತಿದ್ದೇನೆ ಎಂದು ಅರಿತವನು ಆಯ್ಕೆಯ ಒತ್ತಡವನ್ನೇ ಕಡಿಮೆ ಮಾಡಲು ನೋಡುತ್ತಾನೆ.

ಹತ್ತಿಯಲ್ಲಿ ಇದರ ಬೆಲೆ ತೆತ್ತಿದ್ದೇವೆ. ಹುಳು ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವ ಬಿಟಿ ಹತ್ತಿಗೆ ಭಾರತದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ. ಬೀಜದ 450 ಗ್ರಾಂ ಪೊಟ್ಟಣದ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜವನ್ನೂ ಕೊಡುತ್ತಿದ್ದರು, ಹೊಲದ ಅಂಚಿನಲ್ಲಿ ಬಿತ್ತಲೆಂದು. ಅಂಚಿನ ಸಾಲುಗಳಲ್ಲಿ ವಿಷ ತಾಳದ ಸಾಮಾನ್ಯ ಹುಳುಗಳು ಬದುಕಿಕೊಳ್ಳಲಿ, ತಾಳಿಕೊಂಡ ಅಪರೂಪದ ಹುಳುಗಳು ಇವುಗಳೊಡನೆ ಕೂಡಲಿ, ಆ ಗುಣ ಮುಂದಿನ ಪೀಳಿಗೆಯಲ್ಲಿ ತೆಳುವಾಗಲಿ ಎಂಬುದು ಅದರ ಹಿಂದಿನ ಲೆಕ್ಕ. ಪೂರ್ತಿಯಾಗಿ ವಿಕಾಸವಾದದ ಲೆಕ್ಕ. ಆದರೆ ಕಾರಣವನ್ನು ಯಾರೂ ಬಿಡಿಸಿ ಹೇಳದಿದ್ದಾಗ ಹುಳುವಿಗೆಂದು ಜಾಗ ಬಿಡುವ ರೈತ ಯಾರು? ಆ ಚಿಕ್ಕ ಪೊಟ್ಟಣವನ್ನು ಬಹುಪಾಲು ಜನ ಬಿತ್ತಲಿಲ್ಲ. ಗುಲಾಬಿ ಕಾಯಿಕೊರಕ ಮೊದಲ ಬಿಟಿಗೆ ಗುಜರಾತಿನಲ್ಲಿ ಸೋಲದಾಯಿತು. 2015ರ ಹೊತ್ತಿಗೆ, ಆಮೇಲೆ ಬಂದ ಎರಡನೆಯ ಬಿಟಿಯನ್ನೂ ಮೀರಿತು. ಅಮೆರಿಕದ ಅರಿಜೋನಾದಲ್ಲಿ ಅದೇ ಹುಳು, ಅದೇ ಬಿಟಿ. ಅಲ್ಲಿ ಅಂಚಿನ ಸಾಲುಗಳನ್ನು ನಿಷ್ಠೆಯಿಂದ ಬೆಳೆಸಿದರು, ಆಮೇಲೆ ಬಂಜೆ ಪತಂಗಗಳನ್ನು ಹಾರಿಬಿಟ್ಟರು. 2018ರಲ್ಲಿ ಆ ದೇಶದ ಹತ್ತಿ ಸೀಮೆಯಿಂದ ಆ ಹುಳುವೇ ನಿರ್ಮೂಲವಾಯಿತೆಂದು ಘೋಷಿಸಿದರು.

ಕಡಲೆಕಾಯಿಗೆ ಇನ್ನೊಂದು ಅಪಾಯವಿದೆ, ಅದು ಅದರ ಹುಟ್ಟಿನಿಂದಲೇ ಬಂದದ್ದು. ಎಲ್ಲೋ ಒಂದೆಡೆ ಇಮ್ಮಡಿಯಾದ ಬೆರಳೆಣಿಕೆಯ ಗಿಡಗಳ ಸಂತಾನವಾದ್ದರಿಂದ ಅದರೊಳಗೆ ವೈವಿಧ್ಯ ಕಡಿಮೆ, ಸಾಲದ್ದಕ್ಕೆ ತನ್ನ ಪರಾಗವನ್ನೇ ತಾನು ಪಡೆಯುವ ಗಿಡ. ಅದರ ಮೇಲೆ ನಾವು 1940ರಲ್ಲಿ ಬಿಡುಗಡೆಯಾದ ಟಿಎಂವಿ-2 ಎಂಬ ಒಂದೇ ತಳಿಯನ್ನು ದಶಕಗಳ ಕಾಲ ಈ ಸೀಮೆಯ ಲಕ್ಷಾಂತರ ಹೆಕ್ಟೇರಿನಲ್ಲಿ ಬಿತ್ತಿದೆವು. 2000ದ ಮುಂಗಾರಿನಲ್ಲಿ ಅನಂತಪುರ ಜಿಲ್ಲೆಯ ಪೈರಿನ ಸುಳಿ ಒಣಗತೊಡಗಿತು. ಕಾಂಡ ಕೊಳೆಸುವ ಆ ರೋಗ ತಂದದ್ದು ಒಂದು ವೈರಸ್. ಪಾರ್ಥೇನಿಯಂ ಗಿಡದಲ್ಲಿ ಯಾವ ಲಕ್ಷಣವನ್ನೂ ತೋರದೆ ಅದು ಅಡಗಿರುತ್ತದೆ. ಥ್ರಿಪ್ಸ್ ನುಸಿಗಳು ಆ ಗಿಡದ ಪರಾಗವನ್ನು ಪೈರಿಗೆ ತರುತ್ತವೆ. ಸುಮಾರು 2.25 ಲಕ್ಷ ಹೆಕ್ಟೇರಿಗೆ ರೋಗ ಹರಡಿ, ನಷ್ಟ 300 ಕೋಟಿ ರೂಪಾಯಿ ಮೀರಿತು. ಆಗ ವಿಜ್ಞಾನಿಗಳು ಹೇಳಿದ್ದು ಬದುವಿನ ಪಾರ್ಥೇನಿಯಂ ಕೀಳಿ, ಹೊಲದ ಸುತ್ತ ಜೋಳವನ್ನೋ ಸಜ್ಜೆಯನ್ನೋ ಬಿತ್ತಿ ನುಸಿಗೆ ತಡೆ ಕಟ್ಟಿ ಎಂದು. ಜೋಳ, ತೊಗರಿ, ಅಲಸಂದೆಯ ಅಕ್ಕಡಿ ಸಾಲು ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ, ನಾವು ಕೈಬಿಟ್ಟಿದ್ದೆವು. ವೈವಿಧ್ಯ ಬೇಕಾದಾಗ ಕಾಡು ಬಂಧುಗಳೇ ಗತಿ ಎಂಬುದಕ್ಕೂ ಸಾಕ್ಷಿಯಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ತಳಿಗೆ ತುಕ್ಕು ರೋಗ, ಎಲೆಚುಕ್ಕೆ ರೋಗ ತಡೆಯುವ ಶಕ್ತಿ ಬಂದದ್ದು ಅರಾಚಿಸ್ ಕಾರ್ಡೆನಾಸಿ ಎಂಬ ಕಾಡು ಗಿಡದ ರಕ್ತದಿಂದ.

ಇವೆಲ್ಲ ಸಣ್ಣ ಬದಲಾವಣೆಗಳು, ದೊಡ್ಡದು ಬೇರೆ ಎಂದು ವಾದಿಸುವವರಿದ್ದಾರೆ. ಕಣಿವೆಗಳಲ್ಲಿ ಬೇರೆಯಾದ ಕಡಲೆಕಾಯಿಯ ಬಂಧುಗಳು ಸಣ್ಣ ಬದಲಾವಣೆಗಳು ಕೂಡಿಯೇ ಪ್ರಭೇದಗಳಾದವು. ದೊಡ್ಡದಕ್ಕೆ ಬೇರೆ ನಿಯಮ ಬೇಕೆನ್ನುವವರು ಆ ನಿಯಮವನ್ನು ತೋರಿಸಬೇಕು. ಇದುವರೆಗೆ ಯಾರೂ ತೋರಿಸಿಲ್ಲ.

ಹೀಗಿದ್ದರೂ ಪಠ್ಯಪುಸ್ತಕ ರೂಪಿಸುವ ಕೇಂದ್ರ ಸಂಸ್ಥೆ ಎನ್‌ಸಿಇಆರ್‌ಟಿ ತನ್ನ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ತೆಗೆದುಹಾಕಿತು. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಬಹಿರಂಗ ಪತ್ರ ಬರೆದು ವಿರೋಧಿಸಿದರು. ಹತ್ತನೆಯ ತರಗತಿ ಮುಗಿಸಿ ನೇಗಿಲು, ಟ್ರ್ಯಾಕ್ಟರ್ ಹಿಡಿಯುವ ಮಕ್ಕಳೇ ಹೆಚ್ಚಿರುವ ಸೀಮೆಗೆ ಇದರಿಂದಾಗುವ ನಷ್ಟ ನಗರಗಳಿಗಿಂತ ದೊಡ್ಡದು. ಬೀಜ ಆರಿಸುವವನಿಗೆ, ಔಷಧಿ ಹೊಡೆಯುವವನಿಗೆ ಬೇಕಾದ ವಿದ್ಯೆ ಅದು. ಆ ಪಾಠವನ್ನು ಪುಸ್ತಕಕ್ಕೆ ಮರಳಿಸಬೇಕು. ಮರಳಿಸುವವರೆಗೆ ಹಿಂದೂಪುರ, ಕಲ್ಯಾಣದುರ್ಗ, ಪಾವಗಡ, ಮಡಕಶಿರಾ ಕಡೆಯ ಮೇಷ್ಟರುಗಳು ಮಕ್ಕಳನ್ನು ಪಕ್ಕದ ಕಡಲೆಕಾಯಿ ಹೊಲಕ್ಕೆ ಕರೆದುಕೊಂಡು ಹೋಗಿ ಅಲ್ಲೇ ಕಲಿಸಲಿ.