ಹೊರಡುವ ಮುನ್ನ ಹಿಂದಿರುಗುವ ಮಾತು

ಕೆಲವು ವಾರಗಳ ಹಿಂದೆ ಚೋರನೂರಿನ ಒಂದು ಮನೆಯ ಜಗುಲಿಯಲ್ಲಿ ಕುಳಿತಿದ್ದೆ. ಆ ಮನೆಯ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಪತ್ನಿಯೂ ಅದೇ ವೃತ್ತಿಯವಳು. ನಾಲ್ಕು ವರ್ಷದ ಮಗಳೊಬ್ಬಳಿದ್ದಾಳೆ. ಅಮೆರಿಕವೋ ಜರ್ಮನಿಯೋ ಇನ್ನೂ ನಿಶ್ಚಯವಾಗಿರಲಿಲ್ಲ. ಆದರೆ ಹೊರಡುವುದು ನಿಶ್ಚಯವಾಗಿತ್ತು. ವಿವಾಹದ ಪ್ರಮಾಣಪತ್ರ ಮತ್ತು ಮಗುವಿನ ಜ್ಞಾನಸ್ನಾನದ ಪತ್ರ ಬೇಕೆಂದು ಆತ ನನ್ನನ್ನು ಕೇಳಿಕೊಂಡ. ಅಲ್ಲಿಯವರೆಗೆ ಮೌನವಾಗಿದ್ದ ಅವನ ವಿಧವೆ ತಾಯಿ, ಮಗ ಒಳಗೆ ಹೋದೊಡನೆ ನನ್ನನ್ನು ಕೇಳಿದರು: "ಸ್ವಾಮೀ, ನಾನು ಸತ್ತರೆ ಅವನು ಬರೋವರೆಗೂ ಇಡ್ತೀರಾ, ಇಲ್ಲಾ ಮಣ್ಣು ಮಾಡಿಬಿಡ್ತೀರಾ?"

ಸೆಮಿನರಿಯಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ ಓದಿದ ನನಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಈ ವಿಷಯ ನನ್ನ ಮನಸ್ಸನ್ನು ಕೊರೆಯುತ್ತಿದೆ. ಇದು ಒಂದು ಮನೆಯ ಸಮಸ್ಯೆಯಾಗಿ ಉಳಿದಿಲ್ಲವಾದ್ದರಿಂದ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಊರು ಬಿಡುವುದು ನಮ್ಮ ಸೀಮೆಗೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಕೂಲಿ ಅರಸಿ ಹೋಗುವುದಕ್ಕೆ ನಮ್ಮಲ್ಲಿ ಗುಳೆ ಎಂಬ ಹೆಸರೇ ಇದೆ. ಅದು ದುಃಖದ ಮಾತು. ಆದರೂ ಗುಳೆಗೆ ಒಂದು ಗಡುವಿತ್ತು. ಮುಂಗಾರಿನ ಹನಿ ಬಿದ್ದರೆ ಹೋದವರು ಬಿತ್ತನೆಗೆ ಮರಳುತ್ತಿದ್ದರು; ಮನೆಯಲ್ಲಿ ಉಳಿದ ಮುದುಕರಿಗೂ ಎಣಿಸಲು ದಿನಗಳಿದ್ದವು. ತಂತ್ರಜ್ಞಾನದ ಉದ್ಯೋಗಕ್ಕಾಗಿ ಇಂದು ಕುಟುಂಬಸಮೇತ ಕಡಲಾಚೆ ಹೋಗುವವರಿಗೆ ಸಂಬಳವಿದೆ, ಗೌರವವಿದೆ, ವಿಮಾನವಿದೆ. ಮರಳುವ ಗಡುವೊಂದಿಲ್ಲ.

ಗಡುವಿಲ್ಲವೆಂದರೆ ಅಲ್ಲಿ ಶಾಶ್ವತವಾಗಿ ನೆಲೆಸಿದರೆಂದು ಅರ್ಥವೇ? ಅದೂ ಅಲ್ಲ. ನಮ್ಮವರು ಹೆಚ್ಚಾಗಿ ಬಯಸುವ ಅಮೆರಿಕವನ್ನೇ ನೋಡೋಣ. ಅಲ್ಲಿನ ಎಚ್-1ಬಿ ವೀಸಾ 1990ರ ವಲಸೆ ಕಾಯ್ದೆಯ ಕೂಸು. ವರ್ಷಕ್ಕೆ 65,000 ಮಂದಿಗೆ, ಅಲ್ಲಿಯೇ ಉನ್ನತ ಪದವಿ ಪಡೆದ ಮತ್ತೆ 20,000 ಮಂದಿಗೆ ಅದರಲ್ಲಿ ಅವಕಾಶ. ಅದನ್ನು ಪಡೆಯುವವರಲ್ಲಿ ಬಹುಪಾಲು ಭಾರತೀಯರು. ಮೊದಲು 3 ವರ್ಷ, ಸಾಮಾನ್ಯವಾಗಿ ಒಟ್ಟು 6 ವರ್ಷ ಅದರ ಆಯುಷ್ಯ. ಆನಂತರವೂ ಉಳಿಯಬೇಕಾದರೆ ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಲ್ಲಬೇಕು. ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡುಗಳು ಸುಮಾರು 1,40,000. ಹೆಂಡತಿ ಮಕ್ಕಳ ತಲೆಗಳೂ ಅದರಲ್ಲಿಯೇ ಎಣಿಕೆಯಾಗುತ್ತವೆ. ಯಾವೊಂದು ದೇಶದವರಿಗೂ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲಬಾರದೆಂಬ ನಿಯಮದಿಂದಾಗಿ ಭಾರತೀಯರ ಸಾಲು ಬೆಳೆಯುತ್ತಲೇ ಬಂದಿದೆ. 2025ರ ಅಕ್ಟೋಬರಿನಲ್ಲಿ, 2013ರಲ್ಲಿ ಅರ್ಜಿ ಹಾಕಿದ ಭಾರತೀಯ ತಂತ್ರಜ್ಞರ ಸರದಿ ನಡೆಯುತ್ತಿತ್ತು. ಹನ್ನೆರಡು ವರ್ಷ ದುಡಿದು, ತೆರಿಗೆ ಕಟ್ಟಿ, ಮನೆ ಮಾಡಿದವನೂ ಕಾನೂನಿನ ಕಣ್ಣಿನಲ್ಲಿ ತಾತ್ಕಾಲಿಕನೇ.

ಈ ತಾತ್ಕಾಲಿಕತೆಯ ಭಾರವನ್ನು ಹೊರುವವರು ಯಾರು? ಇಲ್ಲಿಯೇ ವಿಷಯದ ಮರ್ಮವಿದೆ. ವೀಸಾ ದೊರೆಯುವುದು ಮನುಷ್ಯನಿಗಲ್ಲ, ಅವನ ಕೆಲಸಕ್ಕೆ. ಪತ್ನಿ ಮತ್ತು ಮಕ್ಕಳು ಎಚ್-4 ಎಂಬ ಹೆಸರಿನಲ್ಲಿ ಆ ಕೆಲಸದ ಬಾಲಂಗೋಚಿಗಳು. ಇಲ್ಲಿ ಎಂಜಿನಿಯರಳೋ ಶಿಕ್ಷಕಿಯೋ ಆಗಿದ್ದವಳು ಅಲ್ಲಿ ಮೊದಲ ವರ್ಷಗಳಲ್ಲಿ ದುಡಿಯುವಂತಿಲ್ಲ. 2015ರ ಮೇ ತಿಂಗಳಿನಿಂದ ಕೆಲವರಿಗೆ ಅನುಮತಿ ದೊರೆಯಿತಾದರೂ ಅದು ಗಂಡನ ಗ್ರೀನ್ ಕಾರ್ಡಿನ ಪ್ರಕ್ರಿಯೆ ಒಂದು ಹಂತ ಮುಟ್ಟಿದ ಮೇಲೆಯೇ. ಕೆಲಸ ಕಳೆದುಕೊಂಡರೆ ಹೊಸ ಕೆಲಸ ಹುಡುಕಲು ಇರುವ ಅವಧಿ ಹೆಚ್ಚೆಂದರೆ 60 ದಿನ. 2022ರ ನವೆಂಬರಿನಲ್ಲಿ ಮೆಟಾ ಕಂಪನಿ 11,000 ಮಂದಿಯನ್ನೂ, 2023ರ ಜನವರಿಯಲ್ಲಿ ಗೂಗಲ್ 12,000 ಮಂದಿಯನ್ನೂ ಮನೆಗೆ ಕಳುಹಿಸುವುದಾಗಿ ಪ್ರಕಟಿಸಿದಾಗ, ಅವರೊಳಗಿದ್ದ ನಮ್ಮವರ ಮನೆಗಳಲ್ಲಿ ಈ ಅರವತ್ತು ದಿನಗಳ ಲೆಕ್ಕ ನಡೆಯಿತು. ಇನ್ನು ಮಕ್ಕಳು: ಕೂಸಾಗಿ ಹೋಗಿ ಅಲ್ಲಿಯೇ ಬೆಳೆದ ಮಗುವಿಗೆ 21 ವರ್ಷ ತುಂಬುವುದರೊಳಗೆ ತಂದೆಯ ಸರದಿ ಬಾರದಿದ್ದರೆ ಅದರ ಆಶ್ರಿತ ಸ್ಥಾನ ಮುಗಿಯುತ್ತದೆ.

2017ರ ಫೆಬ್ರವರಿಯಲ್ಲಿ ಕಾನ್ಸಾಸ್ ರಾಜ್ಯದ ಒಲೇಥ ನಗರದಲ್ಲಿ ಹೈದರಾಬಾದಿನ ತಂತ್ರಜ್ಞ ಶ್ರೀನಿವಾಸ ಕೂಚಿಭೊಟ್ಲ ಜನಾಂಗದ್ವೇಷಿಯ ಗುಂಡಿಗೆ ಬಲಿಯಾದದ್ದು ಅನೇಕರಿಗೆ ನೆನಪಿರಬಹುದು. ಗಂಡನನ್ನು ಕಳೆದುಕೊಂಡ ಪತ್ನಿ ಅದೇ ಗಳಿಗೆಯಲ್ಲಿ ಆ ದೇಶದಲ್ಲಿ ಇರುವ ಹಕ್ಕನ್ನೂ ಕಳೆದುಕೊಂಡರು. ಅಲ್ಲಿನ ಸಂಸದರೊಬ್ಬರು ಮುಂದೆ ಬಂದು ನೆರವಾಗಬೇಕಾಯಿತು. ಕೆಲಸಗಾರ ಇಲ್ಲವಾದರೆ ಕುಟುಂಬವೂ ಇಲ್ಲ ಎಂಬುದು ಆ ವ್ಯವಸ್ಥೆಯ ತರ್ಕ.

ಇತ್ತೀಚಿನ ಬೆಳವಣಿಗೆಗಳು ಈ ತರ್ಕವನ್ನು ಇನ್ನಷ್ಟು ಬಿಗಿಗೊಳಿಸಿವೆ. 2025ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ಟ್ರಂಪ್ ಅವರು ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕ ವಿಧಿಸುವ ಘೋಷಣೆಗೆ ಸಹಿ ಹಾಕಿದರು. ಈಗಾಗಲೇ ವೀಸಾ ಇರುವವರಿಗೆ ಇದು ಅನ್ವಯಿಸದೆಂಬ ಸ್ಪಷ್ಟನೆ ಬರುವಷ್ಟರಲ್ಲಿ, ರಜೆಗೆಂದು ಊರಿಗೆ ಬಂದಿದ್ದ ಎಷ್ಟೋ ಮಂದಿ ಸಿಕ್ಕ ವಿಮಾನ ಹತ್ತಿ ಹಿಂದಕ್ಕೆ ಓಡಿದ್ದರು. ಅದೇ ವರ್ಷ ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣದ ಬರಹಗಳ ಪರಿಶೀಲನೆ ಆರಂಭವಾಯಿತು. ಭಾರತದಲ್ಲಿ ಗೊತ್ತಾಗಿದ್ದ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು. ವೀಸಾ ಮುದ್ರೆಗಾಗಿ ಬಂದವರು ಇಲ್ಲಿಯೇ ಸಿಕ್ಕಿಬಿದ್ದರು. ತಾಯಿಯ ಅಂತ್ಯಕ್ರಿಯೆಗೆ ಬರಬೇಕಾದ ಮಗ, ಬಂದರೆ ಮರಳಿ ಹೋಗಲು ಬಿಡುವರೋ ಇಲ್ಲವೋ ಎಂದು ಯೋಚಿಸಬೇಕಾದ ಕಾಲವಿದು. ಚೋರನೂರಿನ ಆ ತಾಯಿಯ ಪ್ರಶ್ನೆ ಬರಿಯ ಮುದಿತನದ ಭಯವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಎಲ್ಲ ದೇಶಗಳೂ ಒಂದೇ ಬಗೆಯವಲ್ಲ ಎಂಬುದನ್ನೂ ಹೇಳಬೇಕು. ಜರ್ಮನಿಯಲ್ಲಿ ಬ್ಲೂ ಕಾರ್ಡ್ ಪಡೆದವನ ಸಂಗಾತಿಗೆ ಮೊದಲ ದಿನದಿಂದಲೇ ದುಡಿಯುವ ಹಕ್ಕಿದೆ. ನುರಿತ ಭಾರತೀಯರಿಗೆ ವರ್ಷಕ್ಕೆ 20,000 ಇದ್ದ ವೀಸಾಗಳನ್ನು 90,000ಕ್ಕೆ ಏರಿಸುವುದಾಗಿ ಆ ದೇಶ 2024ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಬ್ರಿಟನ್ನು ಅದೇ ವರ್ಷ ಮಾರ್ಚಿನಲ್ಲಿ ಹೊಸದಾಗಿ ಬರುವ ಆರೈಕೆ ಕೆಲಸಗಾರರು ಕುಟುಂಬವನ್ನು ಕರೆತರುವುದನ್ನೇ ನಿಷೇಧಿಸಿತು. ಅಂದರೆ ಒಂದು ದೇಶ ಕುಟುಂಬವನ್ನು ಅತಿಥಿಯೆಂದು ಬಗೆದರೆ ಇನ್ನೊಂದು ಹೊರೆಯೆಂದು ಬಗೆಯುತ್ತದೆ. ಸಂಬಳದ ಅಂಕೆಯನ್ನು ಮಾತ್ರ ಹೋಲಿಸಿ ನೋಡುವವನ ಕಣ್ಣಿಗೆ ಈ ವ್ಯತ್ಯಾಸ ಬೀಳುವುದೇ ಇಲ್ಲ.

ಈ ಸಂದರ್ಭದಲ್ಲಿ ಎರಡು ಸುಲಭದ ಉಪದೇಶಗಳು ಕೇಳಿಬರುತ್ತವೆ. ಮೊದಲನೆಯದು, ಹೊರಡುವವರೆಲ್ಲ ಹಣದಾಸೆಯವರು ಎಂಬುದು. ಇದನ್ನು ನಾನು ಒಪ್ಪಲಾರೆ. ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಎಂಜಿನಿಯರಿಂಗ್ ಸೀಟುಗಳು ಮೊದಲಿಗಿಂತ ಸುಲಭವಾಗಿ ದೊರೆತವು. ಆದರೆ ಓದಿಗೆ ತಕ್ಕ ಕೆಲಸ ಊರಿನ ಬಳಿ ಬರಲಿಲ್ಲ. ಚೋರನೂರಿನ ಹುಡುಗನಿಗೆ ಬೆಂಗಳೂರೂ ಪರಸ್ಥಳವೇ. ಅವನು ತಾಯಿಯಿಂದ ಅಗಲಿದ್ದು ವಿಮಾನ ನಿಲ್ದಾಣದಲ್ಲಲ್ಲ, ಹದಿನಾರರ ವಯಸ್ಸಿನಲ್ಲಿ ಬಸ್ ನಿಲ್ದಾಣದಲ್ಲಿ. ಸಂಡೂರಿನ ಅದಿರು ಲಾರಿಗಳಲ್ಲಿ ಬಂದರಿಗೆ ಹೋದ ದಿನಗಳನ್ನು ನಾವೆಲ್ಲ ಕಂಡಿದ್ದೇವೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದಾಗ, ನೆಲದ ಸಂಪತ್ತು ಹೊರಗೆ ಹರಿದುದರಿಂದ ಊರಿಗೆ ಉಳಿದದ್ದೇನು ಎಂದು ನಾವು ಕೇಳಿಕೊಂಡೆವು. ಮಕ್ಕಳ ವಿಷಯದಲ್ಲಿಯೂ ಅದೇ ಪ್ರಶ್ನೆಯನ್ನು ಸರ್ಕಾರಕ್ಕೆ ಕೇಳಬೇಕು, ಮಕ್ಕಳಿಗಲ್ಲ. ಐನೂರು ಹೊಸ ಜಾಗತಿಕ ಸಾಮರ್ಥ್ಯ ಕೇಂದ್ರಗಳನ್ನು ತರುವ ಗುರಿಯ ನೀತಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಪ್ರಕಟಿಸಿದೆ. ಅವುಗಳಲ್ಲಿ ಎಷ್ಟು ಬೆಂಗಳೂರನ್ನು ದಾಟಿ ಬರುತ್ತವೆಂಬುದೇ ನಮಗೆ ಮುಖ್ಯ.

ಎರಡನೆಯ ಉಪದೇಶ, ಹೋದವರೆಲ್ಲ ಉದ್ಧಾರವಾದರು ಎಂಬುದು. ಇದೂ ಅರ್ಧಸತ್ಯ. ಪೋಪ್ ಎರಡನೆಯ ಜಾನ್ ಪೌಲರು 1981ರಲ್ಲಿ ದುಡಿಮೆಯ ಕುರಿತು ಬರೆದ ವಿಶ್ವಪತ್ರದಲ್ಲಿ, ಕೆಲಸ ಇರುವುದು ಮನುಷ್ಯನಿಗಾಗಿಯೇ ಹೊರತು ಮನುಷ್ಯನಿರುವುದು ಕೆಲಸಕ್ಕಾಗಿ ಅಲ್ಲ ಎಂಬ ತತ್ತ್ವವನ್ನು ಪ್ರತಿಪಾದಿಸಿದರು. ದೇಶ ಬಿಟ್ಟು ಹೋಗುವ ಹಕ್ಕಿನ ಜೊತೆಯಲ್ಲಿಯೇ ಮರಳಿ ಬರುವ ಹಕ್ಕನ್ನೂ ಅವರು ಹೆಸರಿಸಿದರು. ಪೋಪ್ ಫ್ರಾನ್ಸಿಸರು 2023ರ ವಲಸಿಗರ ದಿನಕ್ಕೆ ಆರಿಸಿಕೊಂಡ ವಿಷಯವೂ ಹೋಗುವ ಅಥವಾ ಉಳಿಯುವ ಸ್ವಾತಂತ್ರ್ಯವೇ. ಸ್ವಾತಂತ್ರ್ಯವೆಂದರೆ ಬಾಗಿಲು ತೆರೆದಿರುವುದಷ್ಟೇ ಅಲ್ಲ. ಏಕೆ ದಾಟುತ್ತಿದ್ದೇನೆ, ಯಾರ ಖರ್ಚಿನಲ್ಲಿ ದಾಟುತ್ತಿದ್ದೇನೆ ಎಂಬ ಅರಿವೂ ಹೌದು. ಸಂಬಳ ಸಾಧನ, ಕುಟುಂಬ ಗುರಿ. ಸಾಧನಕ್ಕಾಗಿ ಗುರಿಯನ್ನೇ ಒತ್ತೆಯಿಟ್ಟರೆ ಗಳಿಸಿದ್ದು ಯಾರಿಗಾಗಿ?

ಪವಿತ್ರ ಕುಟುಂಬದ ಈಜಿಪ್ಟ್ ಪಯಣವನ್ನು ನಾವು ಎಷ್ಟೋ ಬಾರಿ ಧ್ಯಾನಿಸಿದ್ದೇವೆ. ಆದರೆ ಸಂತ ಜೋಸೆಫರು ತಾಯಿ ಮಗುವನ್ನು ಕರೆದುಕೊಂಡು ಮರಳಿ ಬಂದದ್ದನ್ನೂ ಅದೇ ಶುಭಸಂದೇಶ ಹೇಳುತ್ತದೆ. ಹೊರಡುವಿಕೆಯಂತೆ ಹಿಂದಿರುಗುವಿಕೆಯೂ ವಿಶ್ವಾಸದ ಕಾರ್ಯವೇ.

ಆದ್ದರಿಂದ ಹೊರಡಲಿರುವ ಕುಟುಂಬಗಳಿಗೆ ನನ್ನದೊಂದು ವಿನಂತಿ. ಪೆಟ್ಟಿಗೆ ಕಟ್ಟುವ ಮುನ್ನ ಒಂದು ಸಂಜೆ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿ. ತಾಯಿ ತಂದೆಯರೂ ಆ ಕೂಟದಲ್ಲಿರಲಿ. ಮೊದಲನೆಯದಾಗಿ, ಪತ್ನಿಯ ಉದ್ಯೋಗದ ಗತಿಯೇನು, ಅದನ್ನು ಬಿಡಲು ಅವಳು ಮನಸಾರೆ ಒಪ್ಪಿದ್ದಾಳೆಯೇ, ಇಲ್ಲವೇ ಒಪ್ಪಿದಳೆಂದು ಗಂಡನೇ ಭಾವಿಸಿಕೊಂಡಿದ್ದಾನೆಯೇ ಎಂಬುದನ್ನು ಕೇಳಿ. ಎರಡನೆಯದಾಗಿ, ಕೆಲಸ ಹೋದರೆ ಆರು ತಿಂಗಳು ಬದುಕುವ ಹಣ ಇಲ್ಲಿಯೋ ಅಲ್ಲಿಯೋ ಕೂಡಿಡಲಾಗಿದೆಯೇ ನೋಡಿ. ಮೂರನೆಯದಾಗಿ, ಮಗು ಅಜ್ಜಿಯೊಡನೆ ಯಾವ ಭಾಷೆಯಲ್ಲಿ ಮಾತನಾಡಬೇಕೆಂದು ತೀರ್ಮಾನಿಸಿ. ಮನೆಯಲ್ಲಿ ಕನ್ನಡ ನಿಂತರೆ ಐದು ವರ್ಷಗಳಲ್ಲಿ ದೂರವಾಣಿಯ ಎರಡು ತುದಿಗಳಲ್ಲಿ ಇಬ್ಬರು ಮೂಕರು ಉಳಿಯುತ್ತಾರೆ. ನಾಲ್ಕನೆಯದಾಗಿ, ಯಾವ ವರ್ಷ ಮತ್ತೆ ಹೀಗೆಯೇ ಕುಳಿತು ಮರಳುವುದೋ ಉಳಿಯುವುದೋ ಎಂದು ತೀರ್ಮಾನಿಸುತ್ತೀರಿ ಎಂಬುದನ್ನು ತಾಯಿಗೆ ಇಂದೇ ಹೇಳಿ. ಗುಳೆ ಹೋದವರಿಗೆ ಮಳೆ ಇಟ್ಟುಕೊಟ್ಟ ಗಡುವನ್ನು ನೀವೇ ಇಟ್ಟುಕೊಳ್ಳಬೇಕು.

ತಂದೆ ತಾಯಿಯರ ಪೋಷಣೆಗಾಗಿ 2007ರಲ್ಲಿ ಆದ ಕಾಯ್ದೆ ವಿದೇಶದಲ್ಲಿರುವ ಭಾರತೀಯ ಪೌರರಿಗೂ ಅನ್ವಯಿಸುತ್ತದೆ. ಆದರೆ ಕಾಯ್ದೆ ಕೊಡಿಸಬಲ್ಲದ್ದು ಹಣವನ್ನು. ಪರದೇಶದ ಪೌರತ್ವ ಪಡೆದವರು ಇಲ್ಲಿನ ಪೌರತ್ವ ಕಳೆದುಕೊಳ್ಳುತ್ತಾರೆ. ಸಾಗರೋತ್ತರ ಭಾರತೀಯರಾಗಿ ನೋಂದಾಯಿಸಿಕೊಂಡರೂ ತಂದೆಯ ಹೊಲವನ್ನು ಉತ್ತರಾಧಿಕಾರದಿಂದ ಪಡೆಯಬಹುದೇ ಹೊರತು ಪಕ್ಕದ ಹೊಲವನ್ನು ಕೊಳ್ಳುವಂತಿಲ್ಲ, ಮತ ಹಾಕುವಂತಿಲ್ಲ. ಇವೆಲ್ಲವೂ ಆ ಸಂಜೆಯ ಮಾತಿನಲ್ಲಿ ಬರಬೇಕಾದ ಸಂಗತಿಗಳು.

ಉಳಿದ ನಮಗೂ ಕರ್ತವ್ಯವಿದೆ. ಮಕ್ಕಳು ದೂರವಿರುವ ಮನೆಗಳನ್ನು ಧರ್ಮಕೇಂದ್ರದ ಬಂಧುಗಳು ವಾರಕ್ಕೊಮ್ಮೆಯಾದರೂ ಹೊಕ್ಕು ಬರಬೇಕು. ಔಷಧಿ ತರುವುದು, ಬ್ಯಾಂಕಿಗೆ ಕರೆದೊಯ್ಯುವುದು, ಭಾನುವಾರ ಬಲಿಪೂಜೆಗೆ ಜೊತೆಯಾಗುವುದು ದೊಡ್ಡ ಕೆಲಸಗಳಲ್ಲ. ಮಗ ಡಾಲರಿನಲ್ಲಿ ದುಡಿಯುತ್ತಾನೆಂದು ಆ ಮುದುಕಿಗೆ ಏನೂ ಕಡಿಮೆಯಿಲ್ಲವೆಂದು ತಿಳಿಯುವುದು ನಮ್ಮ ತಪ್ಪು.

ಎರಡೂ ಪತ್ರಗಳಿಗೆ ರುಜು ಹಾಕಿ ಆ ಯುವಕನ ಕೈಗಿತ್ತೆ. ಕೊಡುವಾಗ ಅವನ ತಾಯಿ ಕೇಳಿದ ಪ್ರಶ್ನೆಯನ್ನೂ ಅವನಿಗೆ ಹೇಳಿದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಅವ್ವ ನನ್ನನ್ನು ಇದನ್ನು ಕೇಳಲೇ ಇಲ್ಲ, ಫಾದರ್" ಎಂದ. ಕೇಳಲಾರಳು, ಮಗನ ದಾರಿಗೆ ಅಡ್ಡವಾಗಬಾರದೆಂಬುದು ಅವಳ ಪ್ರೀತಿ. ನೀನೇ ಹೋಗಿ ಹೇಳು ಎಂದೆ. ಆ ಭಾನುವಾರ ಅವನು ಬೆಂಗಳೂರಿಗೆ ಹೊರಡದೆ ಒಂದು ದಿನ ಊರಿನಲ್ಲಿಯೇ ಉಳಿದನೆಂದು ಆಮೇಲೆ ತಿಳಿಯಿತು. ಏನು ಮಾತಾಯಿತೆಂದು ನಾನು ಕೇಳಲಿಲ್ಲ. ಹೊರಡುವ ಪ್ರತಿಯೊಂದು ಮನೆಯಲ್ಲಿಯೂ ಅಂಥದೊಂದು ದಿನ ಒದಗಲೆಂದು ದೇವರಲ್ಲಿ ಬೇಡುತ್ತೇನೆ.