ಉಸಿರಿನ ಅಳತೆ, ಔಷಧದ ಅಳತೆ

ಕೂಡ್ಲಿಗಿ, ಕೊಟ್ಟೂರು, ಹಡಗಲಿಯ ಕಡೆ ಉಬ್ಬಸಕ್ಕೆ ದಮ್ಮೆಂದೇ ಹೆಸರು. ಮೆಕ್ಕೆಜೋಳದ ಒಕ್ಕಲಿನ ಧೂಳು ಎದ್ದಾಗ, ಮೋಡ ಕವಿದಾಗ ಎದೆ ಬಿಗಿಯುವುದು ಅನೇಕ ಮನೆಗಳು ಕಂಡ ಸಂಗತಿ. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿನ ಮೀನಿನ ಔಷಧಿಗೆ ಹೋಗುವವರೂ ಉಂಟು. ಮೀನು ಮುಟ್ಟದವರಿಗೆ ಬೆಲ್ಲದಲ್ಲಿಟ್ಟು ಕೊಡುವುದರಿಂದ ನಮ್ಮವರಿಗೂ ಸಂಕೋಚವಿಲ್ಲ. ಅದರಿಂದ ರೋಗ ವಾಸಿಯಾಗುವುದೆಂಬುದಕ್ಕೆ ಶಾಸ್ತ್ರೀಯ ಆಧಾರ ದೊರೆತಿಲ್ಲ.

ವೈದ್ಯರು ಕೊಟ್ಟ ಪಂಪನ್ನು ಬಳಸಿದರೂ ಕೆಲವರ ದಮ್ಮು ಹಿಡಿತಕ್ಕೆ ಬಾರದು. ಆಗ ಸ್ಟಿರಾಯ್ಡ್ ಮಾತ್ರೆಯ ಸರದಿ. ಅದನ್ನು ಬಹುಕಾಲ ಸೇವಿಸಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಆದ್ದರಿಂದ ಔಷಧ ಹೆಚ್ಚಿಸುವ ಮುನ್ನ ಶ್ವಾಸನಾಳದೊಳಗೆ ಉರಿಯೂತವಿದೆಯೆ, ಇದ್ದರೆ ಯಾವ ಬಗೆಯದು ಎಂದು ಅರಿಯುವುದು ನ್ಯಾಯ. ಎದೆಯ ಸದ್ದು ಅದನ್ನು ಹೇಳಲಾರದು.

ಇದಕ್ಕೆ ಕಫದಲ್ಲಿ ಇಯೋಸಿನೋಫಿಲ್ ಎಂಬ ಕಣಗಳನ್ನು ಎಣಿಸುವ ಕ್ರಮವಿದೆ. ಇಂಗ್ಲೆಂಡಿನ ಲೆಸ್ಟರ್ ನಗರದ ವೈದ್ಯರು 74 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ಎಣಿಕೆಯಂತೆ, ಇನ್ನೊಂದಕ್ಕೆ ವಾಡಿಕೆಯಂತೆ ವರ್ಷಕಾಲ ಔಷಧ ಕೊಟ್ಟು, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಬ್ಬಸ ತೀವ್ರವಾಗಿ ಕೆರಳಿದ್ದು ಮೊದಲ ಗುಂಪಿನಲ್ಲಿ 35 ಸಲ, ಎರಡನೆಯದರಲ್ಲಿ 109 ಸಲ. ಆಶ್ಚರ್ಯವೆಂದರೆ, ಸ್ಟಿರಾಯ್ಡಿನ ಸರಾಸರಿ ಪ್ರಮಾಣದಲ್ಲಿ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಬೇಕಾದವರಿಗೆ ಬೇಕಾದಷ್ಟು ಸಂದಿತ್ತು, ಅಷ್ಟೆ.

ಕಫ ಪರೀಕ್ಷೆಗೆ ನುರಿತ ಕೈ ಬೇಕು. ಉಸಿರಿನಲ್ಲಿರುವ ನೈಟ್ರಿಕ್ ಆಕ್ಸೈಡನ್ನು ಅಳೆಯುವುದು ಇನ್ನೂ ಸುಲಭ. ಯಂತ್ರದೊಳಕ್ಕೆ ಒಂದೇ ಸಮನೆ ಊದಿದರಾಯಿತು. ವಯಸ್ಕರಲ್ಲಿ ಅದು ಶತಕೋಟಿಗೆ 50 ಭಾಗ ಮೀರಿದರೆ ಸ್ಟಿರಾಯ್ಡಿಗೆ ಮಣಿಯುವ ಉರಿಯೂತವಿರುವ ಸಂಭವ ಹೆಚ್ಚು, 25ಕ್ಕೆ ಕೆಳಗಿದ್ದರೆ ಕಡಿಮೆ. ಬೀಡಿ ಸೇದುವವರಲ್ಲಿ ಅಂಕಿ ಇಳಿದು ಮೋಸವಾಗಬಹುದು. ರಕ್ತದಲ್ಲಿ ಇಯೋಸಿನೋಫಿಲ್ ಎಣಿಸುವುದು ತಾಲ್ಲೂಕು ಊರುಗಳಲ್ಲೂ ಆದೀತು. ಆದರೆ ಹೊಟ್ಟೆಯ ಹುಳುವಿನಿಂದಲೂ ಅದು ಏರುವುದುಂಟು.

ಔಷಧ ಬರೆದುಕೊಟ್ಟ ಮೇಲೂ ಉಸಿರಿನ ಅಂಕಿ ಏರಿಯೇ ಇದ್ದರೆ, ಪಂಪನ್ನು ನಿಜವಾಗಿ ಬಳಸುತ್ತಿದ್ದಾರೆಯೆ ಎಂಬುದೇ ಮೊದಲ ಪ್ರಶ್ನೆ. ಹೆಣ್ಣು ನೋಡಲು ಬರುತ್ತಾರೆಂದು ಮಗಳ ಪಂಪನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುವ ಮನೆಗಳನ್ನು ನಾವು ಬಲ್ಲೆವು. ಉಸಿರಿಗಿಂತ ಮಾನ ದೊಡ್ಡದೆಂದು ಬಗೆಯುವ ತಂದೆತಾಯಿಗಳಿಗೆ ಏನೆನ್ನೋಣ? ಅಂಕಿ ಇಳಿದೇ ಇದ್ದು ದಮ್ಮು ಮಾತ್ರ ನಿಲ್ಲದಿದ್ದರೆ, ಮೂಗಿನ ರೋಗವೋ ಹುಳಿತೇಗೋ ಹೃದಯದ ತೊಂದರೆಯೋ ಎಂದು ವೈದ್ಯರು ಬೇರೆ ಕಾರಣ ಹುಡುಕಬೇಕಾಗುತ್ತದೆ. ಹಾಗೆಂದು ತಾವಾಗಿಯೇ ಔಷಧ ಬಿಡಲಾಗದು.

ಈ ಪರೀಕ್ಷೆ ಎಲ್ಲಿ ಆಗುವುದೆಂದು ಶ್ವಾಸಕೋಶದ ತಜ್ಞರನ್ನು ಕೇಳಿ ಹೊರಡುವುದು ಲೇಸು. ಹೋಗುವಾಗ ಪಂಪನ್ನು ಜೊತೆಯಲ್ಲಿ ಒಯ್ದು, ಅವರೆದುರಿಗೇ ಎಳೆದು ತೋರಿಸಬೇಕು.