ಹೊಸ್ತಿಲಾಚೆ ನಿಂತ ಸೇವೆ

ಚೆನ್ನೈನ ಮಡಿಪಾಕ್ಕಂನಲ್ಲಿರುವ ನಮ್ಮ ಮನೆಯ ಬಾಲ್ಕನಿಯಿಂದ ಮೊಬೈಲ್ ಟವರ್ ಕಾಣಿಸುತ್ತದೆ. ಎರಡು ಬೀದಿಯಾಚೆಯ ಮಾಳಿಗೆಯ ಮೇಲೆ ಅದು ನಿಂತಿದೆ. ಬಾಲ್ಕನಿಯಲ್ಲಿ ಫೋನು ನಾಲ್ಕು ಕಡ್ಡಿ ತೋರಿಸುತ್ತದೆ, ನಡುಮನೆಯಲ್ಲಿ ಒಂದು, ಮಲಗುವ ಕೋಣೆಯಲ್ಲಿ ಏನೂ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯಲ್ಲಿ ಪೂಜಾರಿಯ ಪಾತ್ರ ಇಲ್ಲಿ ಗೋಡೆಯದು.

ಹೋದ ಮಳೆಗಾಲದ ಒಂದು ರಾತ್ರಿ ತೀರ್ಥಹಳ್ಳಿಯಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ತಂಗಿ ನಮಗೆ ಹನ್ನೊಂದು ಸಲ ಕರೆ ಮಾಡಿದಳು. ಬೆಳಿಗ್ಗೆ ಹಾಲು ತರಲು ಹೊರಟು ಫೋನನ್ನು ಬಾಗಿಲ ಬಳಿಗೆ ತಂದಾಗ ಅಷ್ಟೂ ಸಂದೇಶಗಳು ಒಟ್ಟಿಗೆ ಬಂದು ಬಿದ್ದವು. “ಅಣ್ಣಾ, ಅಷ್ಟು ಸಲ ಮಾಡಿದೆ, ಫೋನ್ ಆಫ್ ಮಾಡಿ ಮಲಗಿದ್ಯಾ?” ಎಂದಳು. ಅಮ್ಮ ಈಗ ಕೋಲು ಹಿಡಿದು ಓಡಾಡುತ್ತಾರೆ. ಆದರೆ ಆ ಪ್ರಶ್ನೆಗೆ ನಾವು ಕೊಟ್ಟ ಉತ್ತರವನ್ನು ತಂಗಿ ನಂಬಿದಳೋ ಇಲ್ಲವೋ ಇಂದಿಗೂ ತಿಳಿಯದು. ಚೆನ್ನೈನಂಥ ಮಹಾನಗರದಲ್ಲಿ ಸಿಗ್ನಲ್ ಇಲ್ಲವೆಂದರೆ ಊರಿನವರು ಹೇಗೆ ನಂಬಿಯಾರು? 2020-21ರಲ್ಲಿ ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿದವರು ಮಲೆನಾಡಿನ ಮಕ್ಕಳೇ ಹೊರತು ನಾವಲ್ಲವಲ್ಲ.

ಆ ಘಟನೆಯ ನಂತರ ಮನೆಯೊಳಗೆ ಸಿಗ್ನಲ್ ತರಲು ನಾವು ಮಾಡಿದ ಖರ್ಚನ್ನು ಒಮ್ಮೆ ಲೆಕ್ಕ ಹಾಕಿದೆವು. ಮೊಬೈಲ್ ಕಂಪನಿಯವರೇ ತೋರಿಸಿದ ದಾರಿ ವೈಫೈ ಕಾಲಿಂಗ್. ಭಾರತದಲ್ಲಿ ದೊಡ್ಡ ಕಂಪನಿಗಳು 2019ರ ಕೊನೆಯಲ್ಲಿ ಮತ್ತು 2020ರ ಆರಂಭದಲ್ಲಿ ಇದನ್ನು ಜಾರಿಗೆ ತಂದವು. ಕರೆಯು ಟವರಿನ ಬದಲು ಮನೆಯ ಇಂಟರ್‌ನೆಟ್ ಮೂಲಕ ಸಾಗುತ್ತದೆ. ಇದಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಆದರೆ ಮನೆಗೆ ಬ್ರಾಡ್‌ಬ್ಯಾಂಡ್ ಬೇಕು: ತಿಂಗಳಿಗೆ 499 ರೂಪಾಯಿ, ಶೇ. 18ರ ಜಿಎಸ್‌ಟಿ ಸೇರಿ 589, ವರ್ಷಕ್ಕೆ ಏಳು ಸಾವಿರದ ಮೇಲೆ. ರೌಟರು ಮಲಗುವ ಕೋಣೆಗೆ ಎಟುಕದ ಕಾರಣ ಇನ್ನೊಂದು ಉಪಕರಣಕ್ಕೆ 1,600. ಕರೆಂಟು ಹೋದರೆ ರೌಟರೂ ಹೋಗುವುದರಿಂದ ಸಣ್ಣದೊಂದು ಯುಪಿಎಸ್‌ಗೆ 1,900. ಮನೆಯಾಕೆಯ ಹಳೆಯ ಫೋನಿನಲ್ಲಿ ಈ ಸೌಲಭ್ಯವಿರಲಿಲ್ಲ, ಹೊಸದಕ್ಕೆ 13,000. ಮೊದಲ ವರ್ಷವೇ ಇಪ್ಪತ್ಮೂರು ಸಾವಿರ ದಾಟಿತು. ಮೊಬೈಲಿನ ರೀಚಾರ್ಜು ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಬ್ರಾಡ್‌ಬ್ಯಾಂಡ್ ಕೊಟ್ಟದ್ದೂ ಅದೇ ಕಂಪನಿ. ಮಾರಿದ ಸರಕಿನಲ್ಲಿ ಕೊರತೆಯಿದ್ದರೆ ಅದನ್ನು ತುಂಬಿಕೊಡಬೇಕಾದವನು, ಕೊರತೆಯನ್ನೇ ಎರಡನೆಯ ಸರಕಾಗಿ ಮಾರಿದ್ದಾನೆ. ನಾವು ಇದನ್ನು ಸೌಲಭ್ಯವೆಂದು ಕರೆದು ಕೊಂಡುಕೊಂಡಿದ್ದೇವೆ.

ಅಗ್ಗದ ದಾರಿಯೊಂದಿದೆ, ಬೂಸ್ಟರ್. ಮಾಳಿಗೆಯ ಮೇಲೊಂದು ಆಂಟೆನಾ, ಮನೆಯೊಳಗೊಂದು ಪೆಟ್ಟಿಗೆ, ಕೆಲವು ಸಾವಿರ ರೂಪಾಯಿ. ನಮ್ಮ ಕಚೇರಿಯ ಮಿತ್ರರೇ ಅದನ್ನು ಸೂಚಿಸಿದರು. ಆದರೆ ಪರವಾನಗಿ ಪಡೆದ ದೂರಸಂಪರ್ಕ ಕಂಪನಿಗಳ ಹೊರತು ಬೇರೆ ಯಾರೂ ಇದನ್ನು ಇಟ್ಟುಕೊಳ್ಳುವುದು, ಮಾರುವುದು, ಬಳಸುವುದು ಕಾನೂನುಬಾಹಿರವೆಂದು ದೂರಸಂಪರ್ಕ ಇಲಾಖೆ 2022ರಲ್ಲಿ ಸ್ಪಷ್ಟವಾಗಿ ಎಚ್ಚರಿಸಿದೆ. ಈ ನಿಷೇಧವನ್ನು ನಾವು ದೂರುವುದಿಲ್ಲ. ಕೆಟ್ಟ ಬೂಸ್ಟರೊಂದು ಟವರಿನ ಕಿವಿಯಲ್ಲಿ ಗದ್ದಲವೆಬ್ಬಿಸಿ ನೆರೆಹೊರೆಯವರ ಕರೆಗಳನ್ನೂ ಕೆಡಿಸುತ್ತದೆ. ತನ್ನ ಮನೆಯ ಕೊಳಾಯಿಗೆ ಮೋಟಾರು ಹಾಕಿ ಬೀದಿಯ ನೀರನ್ನೆಲ್ಲ ಎಳೆದುಕೊಳ್ಳುವವನಿಗೂ ಬೂಸ್ಟರ್ ಇಟ್ಟವನಿಗೂ ವ್ಯತ್ಯಾಸ ಕಡಿಮೆ. ಆದರೆ ಮೋಟಾರು ಹಾಕಬೇಡವೆನ್ನುವ ಸರ್ಕಾರವು ಕೊಳಾಯಿಗೆ ನೀರು ಬರುವಂತೆ ನೋಡಿಕೊಳ್ಳಬೇಕಲ್ಲವೇ? ನಿಷೇಧದ ಅರ್ಧವಷ್ಟೇ ನಮ್ಮ ಪಾಲಿಗೆ ಬಂದಿದೆ.

“ಜಗತ್ತಿನಲ್ಲೇ ಅತಿ ಕಡಿಮೆ ದರ ನಮ್ಮಲ್ಲಿದೆ, ಇನ್ನೇನು ಬೇಕು?” ಎನ್ನುವವರಿದ್ದಾರೆ. ದರ ಕಡಿಮೆಯೇ. ಆದರೂ 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ದರ ಏರಿಸಿದಾಗ, ಏರಿದ ದರಕ್ಕೆ ಅಡುಗೆಮನೆಯ ಸಿಗ್ನಲ್ ಏರಲಿಲ್ಲ. “ಇದು ಭೌತಶಾಸ್ತ್ರ, ಗೋಡೆಯನ್ನು ತರಂಗ ದಾಟದು” ಎನ್ನುವವರಿಗೆ ಅರ್ಧ ಒಪ್ಪಿಗೆ. 900 ಮೆಗಾಹರ್ಟ್ಸ್‌ನ ಹಳೆಯ ತರಂಗ ಗೋಡೆಯನ್ನು ಹಾಯ್ದಷ್ಟು ಸುಲಭವಾಗಿ 2300ರದ್ದು ಹಾಯದು, 5ಜಿಯ 3300ರದ್ದಂತೂ ಇನ್ನೂ ಕಡಿಮೆ. ಕಾಂಕ್ರೀಟು, ಕಬ್ಬಿಣ, ಲೋಹದ ಲೇಪವಿರುವ ಗಾಜು ಎಲ್ಲವೂ ಅದನ್ನು ತಡೆಯುತ್ತವೆ. ಆದರೆ ಜನರು ಗೋಡೆಗಳ ನಡುವೆ ಬದುಕುತ್ತಾರೆಂಬುದು ಕಂಪನಿಗಳಿಗೆ ಮೊನ್ನೆ ತಿಳಿದ ಸಂಗತಿಯಲ್ಲ. ಗುಣಮಟ್ಟವನ್ನು ಪರೀಕ್ಷಿಸಲು ಟ್ರಾಯ್ ನಡೆಸುವ ಪರೀಕ್ಷೆ ಬಹುಪಾಲು ರಸ್ತೆಯ ಮೇಲೆ ವಾಹನ ಓಡಿಸಿ ಮಾಡುವಂಥದು. 2024ರ ನಿಯಮಾವಳಿಯಂತೆ ಕಂಪನಿಗಳು ವ್ಯಾಪ್ತಿಯ ನಕ್ಷೆ ಪ್ರಕಟಿಸಬೇಕು. ಅದರಲ್ಲಿ ನಮ್ಮ ಬೀದಿಗೆ ಬಣ್ಣ ತುಂಬಿದೆ. ಬೀದಿಗೆ ಬಳಿದ ಬಣ್ಣ ಕೋಣೆಗೆ ಬಾರದು.

ನಷ್ಟ ಯಾರ ಲೆಕ್ಕಕ್ಕೆ ಎಂಬ ಪ್ರಶ್ನೆ ಒಮ್ಮೆ ಎದ್ದಿತ್ತು. ಕಡಿದುಹೋದ ಪ್ರತಿ ಕರೆಗೆ ಒಂದು ರೂಪಾಯಿ, ದಿನಕ್ಕೆ ಮೂರರವರೆಗೆ, ಗ್ರಾಹಕನಿಗೆ ಕೊಡಬೇಕೆಂದು ಟ್ರಾಯ್ 2015ರ ಅಕ್ಟೋಬರಿನಲ್ಲಿ ವಿಧಿಸಿತು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ತೀರ್ಪನ್ನು ಗೌರವಿಸುತ್ತಲೇ ಹೇಳುತ್ತೇವೆ: ಕಡಿದ ಕರೆಗಾದರೂ ಅಂದು ಒಂದು ರೂಪಾಯಿಯ ಬೆಲೆ ಕಟ್ಟಲಾಗಿತ್ತು. ಬಾರದೇ ಹೋದ ಕರೆಗೆ ಯಾರೂ ಬೆಲೆ ಕಟ್ಟಿಲ್ಲ. ತಂಗಿಯ ಹನ್ನೊಂದು ಕರೆಗಳು ಯಾವ ಪಟ್ಟಿಯಲ್ಲಿ ಸೇರಬೇಕು?

ಇಷ್ಟು ಹೇಳಿ ನಮ್ಮ ಕಡೆಗೂ ತಿರುಗಬೇಕಾಗಿದೆ. ನಮ್ಮ ಕಟ್ಟಡದ ನಿವಾಸಿಗಳ ಸಭೆಯಲ್ಲಿ, ಮಾಳಿಗೆಯ ಮೇಲೆ ಸಣ್ಣ ಆಂಟೆನಾ ಇಡಲು ಬಂದವರನ್ನು ವಿಕಿರಣದ ಭಯದಿಂದ ಹಿಂದಕ್ಕೆ ಕಳುಹಿಸಿದೆವು. ಟವರು ಬೇಡ, ಸಿಗ್ನಲ್ ಬೇಕು. ಭಾರತವು 2012ರ ಸೆಪ್ಟೆಂಬರಿನಿಂದ ಟವರಿನ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗಕ್ಕೆ ಇಳಿಸಿದೆಯೆಂಬುದನ್ನು ಸಭೆಯಲ್ಲಿ ಯಾರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಸಿಗ್ನಲ್ ಕ್ಷೀಣವಾದಷ್ಟೂ ಫೋನು ಹೆಚ್ಚು ಶಕ್ತಿ ಹಾಕಿ ಕೂಗಬೇಕಾಗುತ್ತದೆ, ಅದೂ ನಮ್ಮ ಕಿವಿಯ ಪಕ್ಕದಲ್ಲೇ. ಕಂಪನಿ, ಕಟ್ಟಡ ಕಟ್ಟಿದವನು, ನಿವಾಸಿಗಳು: ಎತ್ತು ಏರಿಗೆ, ಕೋಣ ನೀರಿಗೆ. ಖರ್ಚು ಮಾತ್ರ ಒಂಟಿ ಮನೆಯದು.

ವೈಫೈ ಇದೆಯಲ್ಲ ಎಂಬ ಸಮಾಧಾನವೂ ಚೆನ್ನೈಯಲ್ಲಿ ಬಹಳ ದೂರ ಬಾರದು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ನಗರದ ದಕ್ಷಿಣದ ತಗ್ಗು ಪ್ರದೇಶಗಳು ಮುಳುಗಿದಾಗ ವಿದ್ಯುತ್ತು, ಇಂಟರ್‌ನೆಟ್ಟು, ಮೊಬೈಲು ಒಂದರ ಹಿಂದೆ ಒಂದು ಹೋದವು. ಸಣ್ಣ ಯುಪಿಎಸ್ ಕೆಲವು ಗಂಟೆ ನಿಲ್ಲುತ್ತದೆ, ನೀರು ದಿನಗಟ್ಟಲೆ ನಿಲ್ಲುತ್ತದೆ. ಊರಿನಿಂದ ದೂರವಿರುವವರಿಗೆ ಕರೆ ಅತ್ಯಂತ ಅಗತ್ಯವಾಗುವುದು ಅಂಥ ದಿನಗಳಲ್ಲೇ.

ಆದ್ದರಿಂದ ನಮ್ಮ ಬೇಡಿಕೆ ಸರಳ. ಗುಣಮಟ್ಟವನ್ನು ಮನೆಯೊಳಗೂ ಅಳೆಯಲಿ. ಮನೆಯೊಳಗೆ ಸೇವೆ ಮುಟ್ಟದಿದ್ದರೆ, ವೈಫೈ ದಾರಿಯ ಖರ್ಚಿನಲ್ಲಿ ಒಂದು ಪಾಲನ್ನು ಮೊಬೈಲ್ ದರದಿಂದ ಕಳೆಯಲಿ. ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಶ್ರೇಣಿ ನೀಡುವ ನಿಯಮಾವಳಿಯನ್ನು ಟ್ರಾಯ್ 2024ರ ಅಕ್ಟೋಬರಿನಲ್ಲಿ ಹೊರಡಿಸಿದೆ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಅದನ್ನು ಕೇಳುವ ಪದ್ಧತಿ ಬರಲಿ.

ಅಲ್ಲಿಯವರೆಗೆ ಮುಂಬಯಿ, ದೆಹಲಿ, ಹೈದರಾಬಾದುಗಳಲ್ಲಿ ಮನೆ ಹುಡುಕುತ್ತಿರುವ ಕನ್ನಡಿಗ ಬಂಧುಗಳು ಮುಂಗಡ ಕೊಡುವ ಮುನ್ನ ಫೋನು ಹಿಡಿದು ಮಲಗುವ ಕೋಣೆಗೆ ಹೋಗಿ ಊರಿಗೊಂದು ಕರೆ ಮಾಡಿ ನೋಡಲಿ. ಸಿಗ್ನಲ್ ಇಲ್ಲದವರು ಗೊಣಗುವುದರ ಬದಲು ದೂರು ದಾಖಲಿಸಿ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ. ಕಂಪನಿಯ ಉತ್ತರ ತೃಪ್ತಿ ತಾರದಿದ್ದರೆ ಅಲ್ಲಿಯೇ ಮೇಲ್ಮನವಿಗೆ ಅವಕಾಶವಿದೆ. ದೂರವಾಣಿ ಗ್ರಾಹಕರು ಗ್ರಾಹಕ ವೇದಿಕೆಗೆ ಹೋಗಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ. ಕಡತದಲ್ಲಿ ಇಲ್ಲದ ಕಷ್ಟ ಸರ್ಕಾರದ ಕಣ್ಣಿಗೆ ಬೀಳದೆಂಬುದನ್ನು ಕಡತಗಳ ನಡುವೆಯೇ ಕುಳಿತು ಸಂಬಳ ಪಡೆಯುವ ನಾವು ಚೆನ್ನಾಗಿ ಬಲ್ಲೆವು. ನಮ್ಮ ದೂರನ್ನು ನಾವು ದಾಖಲಿಸಿದ್ದೇವೆ. “ನಿಮ್ಮ ಪ್ರದೇಶದಲ್ಲಿ ಸೇವೆ ತೃಪ್ತಿಕರವಾಗಿದೆ” ಎಂಬ ಉತ್ತರ ಬಂದಿದೆ. ಅದನ್ನು ಓದಲು ನಾವು ಬಾಲ್ಕನಿಗೆ ಹೋಗಬೇಕಾಯಿತು. ಮೇಲ್ಮನವಿ ಬರೆಯುತ್ತಿದ್ದೇವೆ.